ನಾನೂರ ಹದಿನೇಳಕ್ಕೆ ಎರಡು ಉತ್ತರ

ನಮ್ಮ ಹನ್ನೆರಡನೇ ತಾಕಿನಲ್ಲಿ ನಿಂತು ‘ಡೋರಿಕಾ’ ಎಂದು ಕೂಗಿದರೆ ಸೋಮವಾರ ಒಬ್ಬಳು ತಿರುಗಿ ನೋಡುತ್ತಿದ್ದಳು, ಬುಧವಾರ ಇನ್ನೊಬ್ಬಳು. ಸೋಮವಾರದವಳು ನಿಜವಾದ ಡೋರಿಕಾ ಮುಲೆಕಾನೊ. ಬುಧವಾರದವಳು ಅವಳ ತಂಗಿ ಲೂಸಿಯಾ. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಹಿತ್ತಾಳೆ ಬಿಲ್ಲೆ, ಅದರ ಮೇಲೆ ಕೊರೆದದ್ದು ನಾನೂರ ಹದಿನೇಳು. ಬಿಲ್ಲೆ ಯಾರ ಕೊರಳಲ್ಲಿದೆಯೋ ಆ ದಿನ ಅವಳೇ ಡೋರಿಕಾ. ಮೇಸ್ತ್ರಿ ಬ್ವನಾಲಿಗೆ ಇದು ಗೊತ್ತಿತ್ತು, ತೂಕದ ಶೆಡ್ಡಿನ ಗುಮಾಸ್ತನಿಗೆ ಗೊತ್ತಿತ್ತು, ಪಕ್ಕದ ಸಾಲಿನಲ್ಲೇ ಎಲೆ ಕೀಳುವ ನನಗಂತೂ ಗೊತ್ತೇ ಇತ್ತು. ಗೊತ್ತಿರುವುದು ಬೇರೆ, ಬಾಯಿಬಿಟ್ಟು ಹೇಳುವುದು ಬೇರೆ. ಥ್ಯೋಲೊ ಗುಡ್ಡದ ಚಹಾ ತೋಟಗಳಲ್ಲಿ ನಾವು ಹೀಗೇ ನಡೆಸಿಕೊಂಡು ಬಂದವರು. ಹೊಸಬರಿಗೆ ಕಾಯಂ ಬಿಲ್ಲೆ ಕೊಡುವುದನ್ನು ನಿಲ್ಲಿಸಿ ಎಷ್ಟೋ ವರ್ಷಗಳಾದವು. ಇದ್ದವರ ಬಿಲ್ಲೆಯ ನೆರಳಿನಲ್ಲಿ ಇಲ್ಲದವರು ನಿಲ್ಲಬೇಕು.

ಡೋರಿಕಾ ಎಂಥವಳೆಂದು ಹೇಳಿಬಿಡುತ್ತೇನೆ. ಇಪ್ಪತ್ತೆರಡು ವರ್ಷ ಚಹಾ ಎಲೆ ಕಿತ್ತರೂ ಒಂದು ಲೋಟ ಚಹಾ ಕುಡಿದವಳಲ್ಲ. ಅದರ ವಾಸನೆಗೇ ಮುಖ ಸಿಂಡರಿಸುತ್ತಾಳೆ. ಅವಳಿಗೆ ಬೇಕಾದದ್ದು ಮೆಕ್ಕೆಜೋಳದ ಅಂಬಲಿ, ಅದೂ ಎರಡು ದಿನ ಹುಳಿಬಂದದ್ದು. ಗಂಡನ ಹಳೆಯ ಟೋಪಿಯೊಂದು ಅವಳ ತಲೆಯ ಮೇಲೆ ಸದಾ ಇರುತ್ತದೆ. ಗಂಡ ಗಡಿ ದಾಟಿ ಮೊಜಾಂಬಿಕ್‌ಗೆ ಹೋಗಿ ಅಲ್ಲೇ ಬೇರೆ ಸಂಸಾರ ಹೂಡಿದ. ಟೋಪಿ ಮಾತ್ರ ಉಳಿಯಿತು. ‘ಅವನಿಗಿಂತ ಇದು ಮಳೆ ಚೆನ್ನಾಗಿ ತಡೆಯುತ್ತೆ’ ಎನ್ನುತ್ತಾಳೆ. ಅಕ್ಕತಂಗಿಯರ ತಾಯಿ ಸತ್ತಾಗ ಡೋರಿಕಾಗೆ ಇಪ್ಪತ್ತೆರಡು, ಲೂಸಿಯಾಗೆ ಒಂಬತ್ತು. ತಾಯಿಗೆ ಒಂದು ವರ್ಷ ರಕ್ತ ನಿಲ್ಲಲಿಲ್ಲ. ಊರಿನವರು ಯಾರದೋ ಮಾಟ ಎಂದರು. ಆಸ್ಪತ್ರೆಗೆ ಒಯ್ದ ದಿನ ಅಲ್ಲಿನವರು ಗರ್ಭಕೋಶದ ಬಾಯಿಯ ಕ್ಯಾನ್ಸರ್, ತಡವಾಯಿತು ಎಂದಷ್ಟೇ ಹೇಳಿ ಕಳಿಸಿದರು. ಬೇರೆ ಹೆಂಗಸರು ನೀರಿಗೆ ಬರುವ ಮುಂಚೆಯೇ ಡೋರಿಕಾ ಹೊಳೆಗೆ ಹೋಗಿ ಆ ಬಟ್ಟೆಗಳನ್ನು ಒಗೆದು ಬರುತ್ತಿದ್ದಳು. ಮಣ್ಣಾದ ಮರುವಾರವೇ ತೋಟಕ್ಕೆ ಬಂದು ಬಿಲ್ಲೆ ಕಟ್ಟಿಕೊಂಡಳು. ತಂಗಿಯನ್ನು ಬುಟ್ಟಿಯ ಪಕ್ಕದಲ್ಲಿ ಕೂರಿಸಿಕೊಂಡೇ ಎಲೆ ಕಿತ್ತಳು. ಆ ತಂಗಿ ಮದುವೆಯಾಗಿ ಹೋಗಿ, ಇಬ್ಬರು ಮಕ್ಕಳೊಂದಿಗೆ ತಿರುಗಿ ಬಂದಾಗ ಏನೂ ಕೇಳದೆ ಕೊರಳಿನ ಬಿಲ್ಲೆಯನ್ನು ಅವಳ ಕೊರಳಿಗೆ ಹಾಕಿ, ‘ನಾಳೆ ನೀನು ಹೋಗು. ಡೋರಿಕಾ ಅಂದ್ರೆ ಓಗೊಡೋದು ಮರೀಬೇಡ’ ಎಂದಳಂತೆ. ಅಲ್ಲಿಂದ ಆರು ವರ್ಷ ಹೀಗೆ ನಡೆಯಿತು.

ಆಮೇಲೆ ಬಂದದ್ದು ಆರೋಗ್ಯ ವಾರ.

ಅದು ಎಲೆ ಚಿಗುರಿ ಚಿಗುರಿ ಕೈಗೆ ಸಿಗದಷ್ಟು ಬೆಳೆಯುವ ಮಳೆಗಾಲ. ಕೆಲಸಗಾರರೆಲ್ಲ ಆರೋಗ್ಯವಾಗಿರಬೇಕೆಂದು ಕಚೇರಿಯವರಿಗೆ ಇದ್ದಕ್ಕಿದ್ದಂತೆ ಹೊಳೆದಿತ್ತು. ತೂಕದ ಶೆಡ್ಡಿನ ಗೋಡೆಗೆ ದೊಡ್ಡ ಚಿತ್ರಪಟ ಹಚ್ಚಿದರು: ದಿನಕ್ಕೆ ಎಂಟು ಲೋಟ ನೀರು, ದಿನಕ್ಕೆ ಅರ್ಧ ಗಂಟೆ ನಡಿಗೆ, ಸೊಪ್ಪು ತರಕಾರಿ, ಕಡಿಮೆ ಉಪ್ಪು, ಬೆನ್ನು ನೆಟ್ಟಗೆ. ಮನೆಯಿಂದ ತಾಕಿಗೆ ಒಂದೂವರೆ ಗಂಟೆ ನಡೆದು ಬಂದ ನಾವು ಅದನ್ನು ಓದಿಸಿಕೊಂಡು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇವರು ಹೇಳುವ ಅರ್ಧ ಗಂಟೆ ಇದರ ಮೇಲೆ ಇನ್ನೂ ಅರ್ಧ ಗಂಟೆಯೋ, ಅಥವಾ ನಾವು ಒಂದು ಗಂಟೆ ಕಡಿಮೆ ನಡೆಯಬೇಕೋ ಎಂಬುದೇ ಬಗೆಹರಿಯಲಿಲ್ಲ. ಸೊಪ್ಪು ಎಂದರೆ ಕುಂಬಳದ ಸೊಪ್ಪು, ಅದನ್ನೇ ತಾನೇ ದಿನವೂ ಮುದ್ದೆಗೆ ನೆಂಚಿಕೊಳ್ಳುವುದು. ಬ್ವನಾಲಿ ಮೇಸ್ತ್ರಿಗೆ ಬೆಳಿಗ್ಗೆ ಹತ್ತು ನಿಮಿಷ ನಮ್ಮಿಂದ ಮೈ ಬಗ್ಗಿಸುವ ಕಸರತ್ತು ಮಾಡಿಸಲು ಹೇಳಿದ್ದರು. ಅವನು ಎಡ ಎಂದು ಬಲಕ್ಕೆ ಬಾಗುತ್ತಿದ್ದ. ಅರ್ಧ ಸಾಲು ಅವನ ಮಾತು ಕೇಳಿ, ಅರ್ಧ ಸಾಲು ಅವನ ಮೈ ನೋಡಿ, ಬುಟ್ಟಿಗೆ ಬುಟ್ಟಿ ಡಿಕ್ಕಿ ಹೊಡೆಯುತ್ತಿತ್ತು.

ಚಿತ್ರಪಟ ತಂದವಳು ನರ್ಸ್ ತಮಂದನಿ, ಪಟ್ಟಣದಿಂದ ಬಂದವಳು, ಚುರುಕು ಹುಡುಗಿ. ನೀರು ಕುಡಿಯಿರಿ, ನೀರು ಕುಡಿಯಿರಿ ಎಂದು ಅವಳು ನಾಲ್ಕನೇ ಸಲ ಹೇಳಿದಾಗ ಡೋರಿಕಾ ಟೋಪಿ ತೆಗೆದು ಕೇಳಿದಳು.

“ಎಂಟು ಲೋಟ ಕುಡಿದು ಎಲ್ಲಿಗೆ ಹೋಗೋದು ಸಿಸ್ಟರ್? ತಾಕಿನಲ್ಲಿ ಒಂದು ಮರೆ ಇಲ್ಲ. ಮೇಸ್ತ್ರಿ ಟೋಪಿ ಕೊಡ್ತಾನಾ?”

ಎಲ್ಲರೂ ನಕ್ಕರು, ಬ್ವನಾಲಿಯೂ ನಕ್ಕ, ನಕ್ಕು ತನ್ನ ಟೋಪಿಯನ್ನು ಬಿಗಿಯಾಗಿ ಹಿಡಿದುಕೊಂಡ. ತಮಂದನಿ ಮಾತ್ರ ನಗದೆ ಪುಸ್ತಕ ತೆಗೆದು ಅದನ್ನು ಬರೆದುಕೊಂಡಳು. ಅವಳ ಮೇಲೆ ನಮಗೆ ನಂಬಿಕೆ ಹುಟ್ಟಿದ್ದು ಅಲ್ಲಿಂದ.

ಆ ವಾರದ ದೊಡ್ಡ ಕೆಲಸವೆಂದರೆ ಹೆಂಗಸರ ತಪಾಸಣೆ. ಗರ್ಭಕೋಶದ ಬಾಯಲ್ಲಿ ಬರುವ ಕ್ಯಾನ್ಸರಿಗೆ ಮೂಲ ಒಂದು ವೈರಸ್, ಅದು ಬಹಳ ಹೆಂಗಸರ ಮೈಗೆ ಬರುತ್ತದೆ, ಬಹಳ ಸಲ ತಾನೇ ಹೋಗುತ್ತದೆ, ಹೋಗದೆ ಉಳಿದರೆ ಹತ್ತು ಹದಿನೈದು ವರ್ಷದಲ್ಲಿ ಕ್ಯಾನ್ಸರ್ ಆಗಬಹುದು, ಈಗಲೇ ಹುಡುಕಿದರೆ ಸುಲಭವಾಗಿ ತೆಗೆಯಬಹುದು ಎಂದು ತಮಂದನಿ ವಿವರಿಸಿದಳು. ಪರದೆಯ ಹಿಂದೆ ಹೋಗಿ ಒಂದು ಮೆತ್ತನೆಯ ಕಡ್ಡಿಯಿಂದ ನಾವೇ ಮಾದರಿ ತೆಗೆದು ಕೊಳವೆಯಲ್ಲಿ ಹಾಕಿ ಕೊಡಬೇಕು. ಇದರ ಸುತ್ತ ಹುಟ್ಟಿದ ಗೊಂದಲ ಅಷ್ಟಿಷ್ಟಲ್ಲ. ಕಡ್ಡಿ ಒಳಗೇ ಉಳಿದುಬಿಡುತ್ತದೆ ಎಂದಳು ಒಬ್ಬಳು. ಇನ್ನು ಮಕ್ಕಳಾಗುವುದಿಲ್ಲ ಎಂದಳು ಇನ್ನೊಬ್ಬಳು, ಏಳು ಮಕ್ಕಳ ತಾಯಿಯೊಬ್ಬಳು ಹಾಗಿದ್ದರೆ ತನಗೆ ಎರಡು ಕಡ್ಡಿ ಕೊಡಿ ಎಂದಳು. ಕೊಳವೆಯ ಮೇಲೆ ಹೆಸರು ಬರೆಯುವುದಿಲ್ಲ, ಬಿಲ್ಲೆಯ ಸಂಖ್ಯೆ ಮಾತ್ರ ಎಂದು ತಮಂದನಿ ಹೇಳಿದ ಮೇಲೆ, ನಾಚಿಕೆ ಕಡಿಮೆಯಾಗಿ ಸಾಲು ಉದ್ದವಾಯಿತು. ಮಾದರಿ ಕೊಟ್ಟವರಿಗೆ ಒಂದು ಸಾಬೂನು. ಅದೂ ಸಾಲನ್ನು ಉದ್ದ ಮಾಡಿತು.

ಸೋಮವಾರ ಡೋರಿಕಾ ಹೋದಳು. ಮಾದರಿ ಕೊಟ್ಟಳು, ಸಾಬೂನು ತಂದಳು. ಬುಧವಾರ ಮುಲಂಜೆಯಲ್ಲಿ ಸೋದರಮಾವ ತೀರಿಕೊಂಡನೆಂದು ಸುದ್ದಿ ಬಂತು. ಸೋದರಮಾವನ ಮಣ್ಣಿಗೆ ಹೋಗದೆ ಇರುವುದು ನಮ್ಮಲ್ಲಿ ಊಹೆಗೂ ಮೀರಿದ ಮಾತು. ಮನೆಯ ಹಿರಿ ಹೆಣ್ಣು ಡೋರಿಕಾ ಹೋದಳು, ಬಿಲ್ಲೆ ಲೂಸಿಯಾ ಕೊರಳಿಗೆ ಬಂತು. ಬ್ವನಾಲಿ ಅಂದು ಯಾರು ಹೋಗಿದ್ದಾರೆ ಯಾರು ಹೋಗಿಲ್ಲ ಎಂದು ನೋಡದೆ ನಮ್ಮ ಇಡೀ ಸಾಲನ್ನು ತಪಾಸಣೆಗೆ ಅಟ್ಟಿದ. ನಾನು ಸೋಮವಾರವೇ ಕೊಟ್ಟೆ ಎಂದು ಲೂಸಿಯಾ ಹೇಳುವಂತಿಲ್ಲ, ಕೊಟ್ಟವಳು ಅಕ್ಕ. ಕೊಟ್ಟಿಲ್ಲ ಎನ್ನುವಂತೆಯೂ ಇಲ್ಲ, ಡೋರಿಕಾ ಕೊಟ್ಟಿದ್ದಾಳೆ. ಎರಡು ಸುಳ್ಳಿನ ಮಧ್ಯೆ ಸಿಕ್ಕಿಕೊಂಡವಳು ಪರದೆಯ ಹಿಂದೆ ಹೋಗಿಬಿಡುವುದೇ ಸುಲಭ ಎಂದುಕೊಂಡಳು. ಡೋರಿಕಾ ಮಣ್ಣು ಮುಗಿಸಿ ಬಂದ ಸಂಜೆ ಹೊಸ್ತಿಲ ಮೇಲೆ ಎರಡು ಸಾಬೂನು ಜೋಡಿಸಿಟ್ಟು ಅಕ್ಕತಂಗಿ ಬಹಳ ಹೊತ್ತು ನಕ್ಕರಂತೆ. ಒಂದು ಮೈಗೆ ಎರಡು ಸಾಬೂನು ಕೊಟ್ಟರಲ್ಲ ಎಂದು.

ಮೂರು ವಾರದ ನಂತರ ಒಂದು ಮಂಗಳವಾರ ತೋಟದ ಆಸ್ಪತ್ರೆಗೆ ಪಟ್ಟಣದಿಂದ ವ್ಯಾನು ಬಂತು. ನಾನೂರ ಹದಿನೇಳು ಕೂಡಲೇ ಬರಬೇಕೆಂದು ಹಿಂದಿನ ಸಂಜೆಯೇ ಚೀಟಿ ಬಂದಿತ್ತು. ಬಿಲ್ಲೆ ತಾಕಿನಲ್ಲಿ ಇರದಿದ್ದರೆ ಅಂದಿನ ಹಾಜರಿ ಹೋಗುತ್ತದೆ. ಹಾಗಾಗಿ ಬಿಲ್ಲೆ ಹಾಕಿಕೊಂಡು ಲೂಸಿಯಾ ತಾಕಿಗೆ ಬಂದಳು, ಚೀಟಿ ಹಿಡಿದು ಬರಿಗೊರಳಲ್ಲಿ ಡೋರಿಕಾ ಆಸ್ಪತ್ರೆಗೆ ಹೋದಳು. ಅಲ್ಲಿ ನಡೆದದ್ದನ್ನು ಅವಳೇ ನನಗೆ ಆಮೇಲೆ ಹೇಳಿದಳು, ಒಂದು ಸಲವಲ್ಲ, ಹತ್ತು ಸಲ.

ತಮಂದನಿ ಕಾಗದದ ಹಾಳೆಯ ಮೇಲೆ ಬೆರಳಿಟ್ಟು ಕೂತಿದ್ದಳು. ನಾನೂರ ಹದಿನೇಳು ಎಂದು ಎರಡು ಕಡೆ ಬರೆದಿದೆ, ಒಂದರ ಮುಂದೆ ವೈರಸ್ ಇದೆ ಎಂದಿದೆ, ಇನ್ನೊಂದರ ಮುಂದೆ ಇಲ್ಲ ಎಂದಿದೆ ಎಂದಳು.

“ಅಂದ್ರೆ ನನಗೆ ಅರ್ಧ ಇದೆಯಾ ಸಿಸ್ಟರ್?”

ತಮಂದನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲವಂತೆ. ತಪ್ಪು ತನ್ನದೇ ಇರಬೇಕು, ಒಂದೇ ಸಂಖ್ಯೆಯನ್ನು ಎರಡು ಕೊಳವೆಗೆ ಬರೆದಿರಬೇಕು, ಪ್ರಯೋಗಾಲಯದವರು ಬೈದಿದ್ದಾರೆ ಎಂದು ಸಪ್ಪೆ ಮುಖ ಮಾಡಿದಳು. ಆಮೇಲೆ ಡೋರಿಕಾಳನ್ನು ಮೇಜಿನ ಮೇಲೆ ಮಲಗಿಸಿ ವಿನಿಗರ್ ಹಚ್ಚಿ ನೋಡಿದಳು. ಕೆಟ್ಟ ಜಾಗವಿದ್ದರೆ ವಿನಿಗರ್ ತಾಗಿದ ಕೂಡಲೇ ಬೆಳ್ಳಗಾಗುತ್ತದೆ. ಏನೂ ಬೆಳ್ಳಗಾಗಲಿಲ್ಲ. ಆದರೂ ಹಾಳೆಯಲ್ಲಿ ಒಂದು ಕಡೆ ‘ಇದೆ’ ಎಂದು ಇರುವುದರಿಂದ ಬಿಸಿ ಸಲಕರಣೆಯಿಂದ ಸುಟ್ಟು ಚಿಕಿತ್ಸೆ ಮಾಡಿಬಿಡುತ್ತೇನೆ, ಒಂದು ನಿಮಿಷದ ಕೆಲಸ, ಆ ಸಲಕರಣೆ ನಾಲ್ಕು ಗಂಟೆಗೆ ವ್ಯಾನಿನಲ್ಲಿ ಹೊರಟುಹೋಗುತ್ತದೆ, ಮತ್ತೆ ಬರುವುದು ಮುಂದಿನ ವರ್ಷ, ಚಿಕಿತ್ಸೆ ಮುಗಿದರೆ ನಾನೂರ ಹದಿನೇಳರ ಮುಂದೆ ಮುಗಿಯಿತು ಎಂದು ಬರೆದುಬಿಡಬಹುದು ಎಂದಳು.

ಡೋರಿಕಾ ತಗಡಿನ ಸೂರು ನೋಡುತ್ತ ಮಲಗಿದ್ದಳು. ಆ ‘ಮುಗಿಯಿತು’ ಅವಳ ಎದೆಗೆ ತಾಗಿತು. ಬಾಯಿ ಮುಚ್ಚಿಕೊಂಡು ಮಲಗಿದ್ದರೆ ಅವಳಿಗೆ ಯಾವ ನಷ್ಟವೂ ಇಲ್ಲ. ಬಿಲ್ಲೆ ಉಳಿಯುತ್ತದೆ, ಎರಡು ಒಲೆ ಉರಿಯುತ್ತವೆ. ಆದರೆ ಆ ‘ಇದೆ’ ತನ್ನದಲ್ಲದೆ ಲೂಸಿಯಾಳದ್ದಾಗಿದ್ದರೆ? ತನ್ನ ಮೈಯಲ್ಲಿ ಇಲ್ಲದ್ದಕ್ಕೆ ಮದ್ದು ಮಾಡಿಸಿಕೊಂಡು ಮನೆಗೆ ಹೋಗುವುದು, ತಂಗಿ ಎಲೆ ಕೀಳುತ್ತಲೇ ಇರುವುದು, ಹತ್ತು ವರ್ಷ ಕಳೆದ ಮೇಲೆ ಲೂಸಿಯಾಳ ಮಗಳು ಹೊಳೆಯಲ್ಲಿ ಬಟ್ಟೆ ಒಗೆಯುವುದು. ಹೇಳಿದರೆ ಬಿಲ್ಲೆ ಹೋಗುತ್ತದೆ. ಹೇಳದಿದ್ದರೆ ಏನು ಹೋಗುತ್ತದೆಯೋ ಯಾರಿಗೆ ಗೊತ್ತು? ತನ್ನದೂ ಆಗಿರಬಹುದಲ್ಲ. ಬೆಳ್ಳಗಾಗದೆಯೂ ಇರಬಹುದು ಎಂದು ಸಿಸ್ಟರೇ ಹೇಳಿದ್ದಾಳೆ. ತಾನೋ ಅವಳೋ, ಅವಳೋ ತಾನೋ. ಆರು ವರ್ಷದಲ್ಲಿ ಮೊದಲ ಸಲ ತಾನೂ ತಂಗಿಯೂ ಬೇರೆ ಬೇರೆ ಆಗಬೇಕೆಂದು ಅವಳಿಗೆ ಅನಿಸಿತು.

“ಸ್ವಲ್ಪ ತಡಿ ಸಿಸ್ಟರ್,” ಎಂದಳು. “ನಾನು ಇಲ್ಲಿದ್ದೀನಿ. ಆದ್ರೆ ನಾನೂರ ಹದಿನೇಳು ಹನ್ನೆರಡನೇ ತಾಕಲ್ಲಿ ಎಲೆ ಕೀಳ್ತಾ ಇದೆ.”

“ಹಾಗಾದ್ರೆ ನೀನ್ಯಾರು?”

“ನಾನೇ ನಾನೂರ ಹದಿನೇಳು. ಅವಳೂನೂ.”

ಬಿಡಿಸಿ ಹೇಳಲು ಸ್ವಲ್ಪ ಹೊತ್ತು ಹಿಡಿಯಿತು. ತಮಂದನಿ ಮೊದಲು ಬೆರಗಾದಳು, ಆಮೇಲೆ ತಪ್ಪು ತನ್ನದಲ್ಲ ಎಂದು ತಿಳಿದು ನಿರಾಳವಾದಳು, ಆಮೇಲೆ ಗಡಿಯಾರ ನೋಡಿ ಗಾಬರಿಯಾದಳು. ಆಗಲೇ ಎರಡೂವರೆ. ತಾನು ಕಚೇರಿಗೆ ಒಂದಕ್ಷರವನ್ನೂ ಬರೆಯುವುದಿಲ್ಲ, ಆದರೆ ನಾಲ್ಕರೊಳಗೆ ತಂಗಿ ಇಲ್ಲಿರಬೇಕು ಎಂದಳು.

ಮಳೆ ಹನಿಯುತ್ತಿತ್ತು. ನಾನು ಮೇಲಿನ ಸಾಲಿನಲ್ಲಿದ್ದೆ. ಕೆಳಗಿನ ದಾರಿಯಲ್ಲಿ ಆ ಟೋಪಿ ಏರಿಬರುವುದು ಕಂಡಿತು. ನಡುವೆ ಕೊರಕಲು, ಕೊರಕಲಿನ ಈಚೆ ನಾವು, ನಮಗೂ ಅವಳಿಗೂ ಮಧ್ಯೆ ಬ್ವನಾಲಿ. ಡೋರಿಕಾ ಆಚೆ ದಡದಲ್ಲಿ ನಿಂತಳು. ಸುತ್ತಿ ಬರಲು ಹೊತ್ತಿಲ್ಲ. ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು.

“ಡೋರಿಕಾ…”

ಲೂಸಿಯಾ ತಲೆ ಎತ್ತಿದಳು. ತನಗೆ ಏನೂ ಇಲ್ಲ ಎಂದು ಹೇಳಲು ಅಕ್ಕ ಬಂದಿದ್ದಾಳೆಂದು ಅವಳು ಎಣಿಸಿದಳು. ಅದಕ್ಕೇ ನಗುತ್ತ ಕೈಬೀಸಿ ಮತ್ತೆ ಎಲೆ ಕೀಳತೊಡಗಿದಳು. ಡೋರಿಕಾ ಇನ್ನೊಮ್ಮೆ ಡೋರಿಕಾ ಎಂದು ಕೂಗಿದಳು, ಬೇಗ ಬಾ ಎಂದಳು. ತೂಕ ಆಗುವ ತನಕ ಬರಲಾಗದು ಎಂದು ಲೂಸಿಯಾ ಕೈಸನ್ನೆ ಮಾಡಿದಳು. ಬ್ವನಾಲಿ ಬೆನ್ನು ತಿರುಗಿಸಿ ಗುಡ್ಡ ನೋಡುತ್ತ ನಿಂತ, ಅವನಿಗೆ ಬೇಕಾದಾಗ ಬರುವ ಕುರುಡು ಅದು. ಡೋರಿಕಾ ಟೋಪಿ ತೆಗೆದಳು, ಮತ್ತೆ ಹಾಕಿಕೊಂಡಳು.

“ಲೂಸಿಯಾ,” ಎಂದು ಕೂಗಿದಳು. “ಲೂಸಿಯಾ ಮುಲೆಕಾನೊ. ನಿನ್ನನ್ನೇ ಕರೀತಿರೋದು. ಬಾ ಇಲ್ಲಿ.”

ಇಡೀ ತಾಕಿನ ಕೈಗಳು ನಿಂತವು. ಆ ಹೆಸರನ್ನು ಆ ಗುಡ್ಡದಲ್ಲಿ ಯಾರೂ ಅಷ್ಟು ದೊಡ್ಡದಾಗಿ ಹೇಳಿದ್ದಿಲ್ಲ. ಬ್ವನಾಲಿ ಮೆಲ್ಲಗೆ ತಿರುಗಿದ. ಕಂಡದ್ದನ್ನು ಕಂಡಿಲ್ಲ ಎಂದು ಬಿಡಬಹುದು, ನಲವತ್ತು ಜನರ ಎದುರು ಕೇಳಿದ್ದನ್ನು ಕೇಳಿಲ್ಲ ಎನ್ನುವುದು ಹೇಗೆ? ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ದಿಕ್ಕು ತೋಚದ ಮುಖ ಅದು.

“ಆ ಹೆಸರಿನವರು ಈ ಸಾಲಲ್ಲಿ ಇಲ್ಲ, ಡೋರಿಕಮ್ಮ,” ಎಂದ. ಬಾಗಿಲನ್ನು ಅರ್ಧ ತೆರೆದಿಟ್ಟು ಕೊಟ್ಟ ಹಾಗಿತ್ತು ಆ ಮಾತು.

“ಇದ್ದಾಳೆ ಮೇಸ್ತ್ರಿ. ಆರು ವರ್ಷದಿಂದ ಇದ್ದಾಳೆ. ನಿನಗೂ ಗೊತ್ತು.”

ಬ್ವನಾಲಿ ಕೈ ಚಾಚಿದ. ಲೂಸಿಯಾ ಬಿಲ್ಲೆಯನ್ನು ಕೊರಳಿಂದ ತೆಗೆದು ಅವನ ಅಂಗೈಯಲ್ಲಿಟ್ಟಳು. ಬುಟ್ಟಿಯನ್ನು ನನ್ನ ಹತ್ತಿರ ಬಿಟ್ಟು ಕೊರಕಲು ಇಳಿದಳು.

ಆಸ್ಪತ್ರೆಯ ದಾರಿಯುದ್ದಕ್ಕೂ ಲೂಸಿಯಾ ಅಕ್ಕನನ್ನು ಬೈದಳು. ಇಬ್ಬರ ಮನೆಯ ಮುದ್ದೆಗೂ ಮಣ್ಣು ಹಾಕಿದೆ ಎಂದಳು, ಕಿವಿಯಲ್ಲಿ ಬಂದು ಹೇಳಬಾರದಿತ್ತೇ ಎಂದಳು, ಅಮ್ಮನ ಕಾಯಿಲೆ ತನಗೇ ಬಂದಿದೆ ಎಂದು ಯಾಕೆ ಅಂದುಕೊಂಡೆ ಎಂದು ಅತ್ತಳು. ಅಂದುಕೊಂಡಿಲ್ಲ, ಗೊತ್ತಿಲ್ಲ, ಗೊತ್ತಿಲ್ಲದ್ದಕ್ಕೇ ಕರೆದೆ ಎಂದು ಡೋರಿಕಾ ಹೇಳುತ್ತಲೇ ನಡೆದಳು. ಇಂಥದ್ದು ತಾಯಿಯಿಂದ ಮಗಳಿಗೆ ಇಳಿದು ಬರುವುದಿಲ್ಲ, ಯಾರಿಗೆ ಬೇಕಾದರೂ ಬರಬಹುದು ಎಂದು ಆಮೇಲೆ ತಮಂದನಿ ಇಬ್ಬರನ್ನೂ ಕೂರಿಸಿ ತಿಳಿಹೇಳಿದಳು.

ಲೂಸಿಯಾಳನ್ನು ಮೇಜಿನ ಮೇಲೆ ಮಲಗಿಸುವ ಮುಂಚೆ ತಮಂದನಿ ಪುಸ್ತಕ ತೆರೆದಳು. “ಬಿಲ್ಲೆ ಬೇಡ,” ಎಂದಳು. “ಹೆಸರು ಹೇಳು.” ಲೂಸಿಯಾ ಬಾಯಿ ತೆರೆದವಳು ಅಭ್ಯಾಸದಂತೆ ಡೋರಿಕಾ ಎಂದಳು. ಆಮೇಲೆ ನಾಲಿಗೆ ಕಚ್ಚಿಕೊಂಡು ತನ್ನ ಹೆಸರು ಹೇಳಿದಳು.

ವಿನಿಗರ್ ಹಚ್ಚಿ ಒಂದು ನಿಮಿಷ ಕಾದರು. ತೊಗರಿ ಕಾಳಿನಷ್ಟು ಅಗಲ, ಅಂಚಿನಲ್ಲಿ, ಬೆಳ್ಳಗಾಯಿತು. ಕ್ಯಾನ್ಸರ್ ಅಲ್ಲ, ಬಿಟ್ಟಿದ್ದರೆ ಮುಂದೆ ಆಗಬಹುದಾಗಿದ್ದದ್ದು ಎಂದಳು ತಮಂದನಿ. ಮೊದಲು ಇಬ್ಬರಿಂದಲೂ ಅವರವರ ಹೆಸರಿನಲ್ಲಿ ಮತ್ತೆ ಮಾದರಿ ತೆಗೆದಿಟ್ಟುಕೊಂಡು, ಬಿಸಿ ಸಲಕರಣೆಯನ್ನು ಆ ಜಾಗಕ್ಕೆ ಹಿಡಿದಳು. ಮುಟ್ಟಿನ ದಿನದ ನೋವಿನಷ್ಟೇ ನೋವಾಯಿತು, ತಾನು ಅಕ್ಕನ ಕೈಯನ್ನು ಹಿಡಿದ ಬಿಗಿಗೆ ಅಕ್ಕನಿಗೇ ಹೆಚ್ಚು ನೋವಾಗಿರಬೇಕು ಎನ್ನುತ್ತಾಳೆ ಲೂಸಿಯಾ. ಬಾಗಿಲಲ್ಲಿ ವ್ಯಾನಿನ ಚಾಲಕ ಹಾರನ್ ಹೊಡೆಯುತ್ತಿದ್ದ. ಮತ್ತೆ ಮೂರು ವಾರಕ್ಕೆ ಬಂದ ಹಾಳೆಯಲ್ಲಿ ಡೋರಿಕಾ ಮುಲೆಕಾನೊ, ಇಲ್ಲ ಎಂದಿತ್ತು. ಲೂಸಿಯಾ ಮುಲೆಕಾನೊ, ಇದೆ ಎಂದಿತ್ತು. ಒಂದು ವರ್ಷದ ಮೇಲೆ ಮತ್ತೆ ನೋಡಬೇಕು ಎಂದು ಅಡಿಯಲ್ಲಿ ಬರೆದಿತ್ತು.

ಬಿಲ್ಲೆ ಕಚೇರಿಯ ಡ್ರಾಯರಿನಲ್ಲಿ ಐದು ವಾರ ಬಿದ್ದಿತ್ತು. ಆ ಐದು ವಾರ ಅವರಿಬ್ಬರೂ ಬೇರೆಯವರ ಹೊಲದಲ್ಲಿ ತೊಗರಿ ಸಾಲಿನ ಕಳೆ ಕಿತ್ತರು, ನಾವು ನಮ್ಮ ನಮ್ಮ ಮನೆಯ ಹಿಟ್ಟಿನಲ್ಲಿ ಒಂದಿಷ್ಟು ಕಳಿಸಿದೆವು. ಎಲೆ ಬಲಿತು ಗಿಡದಲ್ಲೇ ಒರಟಾಗತೊಡಗಿ, ಕೀಳುವ ಕೈ ಸಾಲದೆ ಹೋದಾಗ ಕಚೇರಿಯವರು ಇಬ್ಬರನ್ನೂ ಕರೆಸಿದರು. ಬಿಲ್ಲೆ ಒಂದೇ, ಅದರ ಮುಂದೆ ಬರೆಯುವ ಹೆಸರೂ ಒಂದೇ, ಯಾರದ್ದೆಂದು ನೀವೇ ಹೇಳಿ ಎಂದರು. ಲೂಸಿಯಾ ಅಕ್ಕನನ್ನು ತೋರಿಸಿದಳು. ಡೋರಿಕಾ ತಂಗಿಯನ್ನು ತೋರಿಸಿದಳು. ಗುಮಾಸ್ತ ಪೆನ್ನು ಹಿಡಿದು ಆ ಕಡೆ ಈ ಕಡೆ ನೋಡಿದ. ಕೊನೆಗೆ ಡೋರಿಕಾ, ವರ್ಷವರ್ಷ ತಪಾಸಣೆ ಆಗಬೇಕಾದವಳು ಅವಳು, ತೋಟದ ಆಸ್ಪತ್ರೆ ನೋಡುವುದು ತಮ್ಮ ಹೆಸರಿನಲ್ಲಿ ಬಿಲ್ಲೆ ಇದ್ದವರನ್ನು ಮಾತ್ರ, ಬರೆದುಕೋ ಎಂದಳು. ಇಪ್ಪತ್ತೆರಡು ವರ್ಷದ ನಾನೂರ ಹದಿನೇಳು ಹಾಗೆ ಲೂಸಿಯಾಳದ್ದಾಯಿತು. ಡೋರಿಕಾ ಹಿತ್ತಲಲ್ಲಿ ತೊಗರಿ ಹಾಕಿದಳು, ಅಂಬಲಿ ಮಾಡಿ ಸಂತೆಯಲ್ಲಿ ಮಾರತೊಡಗಿದಳು. ಮುಂದಿನ ಮಳೆಗಾಲದ ಹೊತ್ತಿಗೆ ನಮ್ಮ ತಾಕಿನ ಮೂಲೆಯಲ್ಲಿ ತಗಡಿನ ಶೌಚಾಲಯವೊಂದು ಎದ್ದಿತ್ತು. ನಾವೀಗ ನೀರು ಕುಡಿಯುತ್ತೇವೆ. ಎಂಟು ಲೋಟವಾಗುತ್ತದೋ ಇಲ್ಲವೋ ಲೆಕ್ಕ ಇಟ್ಟವರಿಲ್ಲ.

ಹೋದ ತಿಂಗಳು ಲೂಸಿಯಾಳ ಒಂದು ವರ್ಷದ ತಪಾಸಣೆ ಇತ್ತು. ಅವಳು ಆಸ್ಪತ್ರೆಗೆ ಹೋದಳು. ಬೆಳಿಗ್ಗೆ ಮಂಜಿನಲ್ಲಿ ನನ್ನ ಪಕ್ಕದ ಸಾಲಿಗೆ ಯಾರೋ ಬಂದು ಬುಟ್ಟಿ ಇಳಿಸಿದರು. ನೋಡಿದರೆ ಆ ಟೋಪಿ, ಕೊರಳಲ್ಲಿ ಬಿಲ್ಲೆ. ಹಾಜರಿ ಕೂಗಲು ಬಂದ ಬ್ವನಾಲಿ ಅವಳನ್ನು ನೋಡಿದ, ಗುಡ್ಡದ ಕಡೆ ತಿರುಗಿದ, ಗಂಟಲು ಸರಿಮಾಡಿಕೊಂಡ.

“ಲೂಸಿಯಾ,” ಎಂದ. ಯಾರೂ ಓಗೊಡಲಿಲ್ಲ. ಮತ್ತೊಮ್ಮೆ ಎಂದ. ಡೋರಿಕಾ ತನ್ನ ಪಾಡಿಗೆ ಎಲೆ ಕೀಳುತ್ತಿದ್ದಳು. ಮೂರನೇ ಸಲಕ್ಕೆ ನಾನು ಮೊಣಕೈಯಿಂದ ತಿವಿದೆ.

“ನನ್ನನ್ನಾ?” ಎಂದಳು.

ಮಧ್ಯಾಹ್ನದ ತೂಕದ ಹೊತ್ತಿಗೆ ನಿಜವಾದ ಲೂಸಿಯಾ ಕೊರಕಲಿನ ಆಚೆ ದಡಕ್ಕೆ ಬಂದು ನಿಂತಳು. ಅಲ್ಲಿಂದ ಯಾವ ಹೆಸರು ಕೂಗಬೇಕೆಂದು ಅವಳಿಗೆ ತಿಳಿಯಲಿಲ್ಲವೋ ಏನೋ, ಕೂಗಲಿಲ್ಲ. ಈ ಸಲ ಏನೂ ಸಿಗಲಿಲ್ಲ ಎನ್ನುವಂತೆ ಎರಡೂ ಅಂಗೈ ಬಿಚ್ಚಿ ತೋರಿಸಿದಳು. ಏನೂ ಇರಲಿಲ್ಲ. ಡೋರಿಕಾ ಅದನ್ನು ನೋಡಿದಳು, ಟೋಪಿಯನ್ನು ಹಣೆಯ ಮೇಲೆ ಎಳೆದುಕೊಂಡಳು, ಅದರಡಿಯಲ್ಲಿ ಅವಳ ಮುಖ ನನಗೆ ಕಾಣಲಿಲ್ಲ. ಬುಟ್ಟಿ ಹೊತ್ತು ತೂಕಕ್ಕೆ ನಿಂತಳು. ಯಾರು ಎಂದು ಗುಮಾಸ್ತ ತಲೆ ಎತ್ತದೆ ಕೇಳಿದ.

“ಲೂಸಿಯಾ ಮುಲೆಕಾನೊ,” ಎಂದಳು ಅವಳು, ಈ ಸಲ ತಡವರಿಸದೆ.